ಇಪ್ಪತ್ತು ವಾರ, ಹದಿನಾಲ್ಕು ಸಾವಿರ ರೂಪಾಯಿ: ಕಾಸರಗೋಡಿನ ಮಳೆಯಲ್ಲಿ ಒಂದು ಆನ್‌ಲೈನ್ ಅಲ್ಟ್ರಾ ಕೋಚಿಂಗ್

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್ ಮತ್ತು ಫೋನಿನಲ್ಲೇ ಉದ್ದ ಓಟಕ್ಕೆ ತಯಾರಿ ಮಾಡಿಸುವ ಈ ಕೋಚಿಂಗಿಗೆ ಐದರಲ್ಲಿ ಮೂರೂವರೆ ನಕ್ಷತ್ರ. ಮೊದಲ ಎರಡು ತಿಂಗಳಿಗೆ ಮಾತ್ರ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ, ಕೊನೆಯ ಎರಡು ತಿಂಗಳಿಗೆ ಎರಡು ಕೊಡುವುದೂ ಜಾಸ್ತಿ. ಪೆರ್ಲದಿಂದ, ಮುಳ್ಳೇರಿಯದಿಂದ, ಮಡಿಕೇರಿಯಿಂದಲೂ ಒಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ, "ಅಷ್ಟು ದುಡ್ಡು ಕೊಟ್ಟದ್ದಕ್ಕೆ ಏನಾದರೂ ಸಿಕ್ಕಿತಾ ಅಕ್ಕಾ" ಅಂತ. ಒಬ್ಬೊಬ್ಬರಿಗೂ ಬರೆಯುವುದಕ್ಕಿಂತ ಒಂದೇ ಸಲ ಬರೆದು ಹಾಕುತ್ತಿದ್ದೇನೆ. ಕಂಪೆನಿಯ ಹೆಸರು ಹಾಕುವುದಿಲ್ಲ. ಇಂಥ ಸೇವೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಚ್ಚಿನವು, ಬೇರೆ ಕಡೆ ಸೇರುವವರಿಗೂ ಉಪಯೋಗ ಆದೀತು.

ನಾನು ಕುಂಬಳೆ-ಬದಿಯಡ್ಕ ರಸ್ತೆಯ ಬದಿಯವಳು. ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್, ಕನ್ನಡ ಮೀಡಿಯಂ. ವಯಸ್ಸು 41. ಆರು ವರ್ಷದಿಂದ ಓಡುತ್ತಿದ್ದೇನೆ. ಒಂದೇ ಒಂದು ಮ್ಯಾರಥಾನ್ ಮುಗಿಸಿದ್ದೇನೆ, 5 ಗಂಟೆ 2 ನಿಮಿಷ. ಬೆಳಿಗ್ಗೆ ಓಡುವಾಗ ಎದುರು ಸಿಕ್ಕಿದವರು ಇವತ್ತಿಗೂ ಕೇಳುವುದು ಒಂದೇ: "ಟೀಚರೇ, ಬಸ್ಸ್ ಪೋಯೋ?" ಬಸ್ಸು ಹೋಯಿತಾ ಅಂತ. ನಮ್ಮ ಕಡೆ ಸೀರೆ ಉಡದೆ ರಸ್ತೆಯಲ್ಲಿ ಓಡುವ ಟೀಚರ್ ಅಂದರೆ ಬಸ್ಸು ತಪ್ಪಿದವಳೇ ಇರಬೇಕು, ಬೇರೆ ಯಾವ ಕಾರಣವೂ ಯಾರಿಗೂ ಹೊಳೆಯುವುದಿಲ್ಲ.

ಅಲ್ಟ್ರಾ ಅಂದರೆ ಮ್ಯಾರಥಾನಿನ 42.195 ಕಿ.ಮೀ.ಗಿಂತ ಉದ್ದದ ಯಾವ ಓಟವೂ ಆಗುತ್ತದೆ. 50 ಕಿ.ಮೀ., 50 ಮೈಲಿ, 100 ಕಿ.ಮೀ., 100 ಮೈಲಿ, ಹೀಗೆ ಮೆಟ್ಟಿಲು. ನಾನು ಆರಿಸಿದ್ದು ಅತಿ ಚಿಕ್ಕದು, ಘಟ್ಟದ ಮೇಲೆ ಕಾಫಿ ತೋಟಗಳ ನಡುವೆ 50 ಕಿ.ಮೀ., ಒಟ್ಟು ಸುಮಾರು 1,400 ಮೀಟರ್ ಏರು, 11 ಗಂಟೆಯ ಕಟ್‌ಆಫ್, ಅಂದರೆ ಅಷ್ಟು ಹೊತ್ತಿನೊಳಗೆ ಮುಗಿಸಬೇಕು. ನವೆಂಬರ್ ನಡುವಿನಲ್ಲಿ. ಅಲ್ಲಿಂದ ಇಪ್ಪತ್ತು ವಾರ ಹಿಂದೆ ಎಣಿಸಿದರೆ ಜೂನ್ ಕೊನೆ. ಅಂದರೆ ನಮ್ಮ ಊರಿನಲ್ಲಿ ಚಪ್ಪಲಿ ಸಹ ಒಣಗದ ಕಾಲದಲ್ಲಿ ತಯಾರಿ ಶುರು. ಇದನ್ನು ನಾನು ರಿಜಿಸ್ಟರ್ ಮಾಡುವ ಮೊದಲು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ತಿಂಗಳಿಗೆ 2,800 ರೂಪಾಯಿ. ಅದಕ್ಕೆ ಸಿಗುವುದು: ಶುರುವಿನಲ್ಲಿ ಅರ್ಧ ಗಂಟೆಯ ಫೋನ್, ಆಮೇಲೆ ತಿಂಗಳಿಗೊಂದು ಫೋನ್, ಆ್ಯಪ್‌ನಲ್ಲಿ ವಾರ ವಾರದ ಪಟ್ಟಿ, ನಮ್ಮ ವಾಚ್‌ನ ಲೆಕ್ಕ ತನ್ನಿಂತಾನೇ ಅವರಿಗೆ ಹೋಗುವ ವ್ಯವಸ್ಥೆ, ಮತ್ತು ಏನಾದರೂ ಕೇಳಿದರೆ ವಾಯ್ಸ್ ಮೆಸೇಜಿನಲ್ಲಿ ಉತ್ತರ.

ಆ ಮೊದಲ ಅರ್ಧ ಗಂಟೆಯ ಫೋನಿಗೇ ಒಂದು ತಿಂಗಳ ದುಡ್ಡು ಸಂದಾಯವಾಯಿತು ಅಂತ ನನ್ನ ಅಭಿಪ್ರಾಯ.

ಕೋಚ್ ಕೇಳಿದರು, ಗುರಿ ಏನು? ನಾನು ತಟ್ಟನೆ 7 ಗಂಟೆ ಅಂದೆ. ಯಾಕೆ 7? ಅಂದರು. ನನ್ನ ಹತ್ತಿರ ಇದ್ದ ಉತ್ತರ ಇಷ್ಟೇ: ಕಿ.ಮೀ.ಗೆ 8 ನಿಮಿಷ 24 ಸೆಕೆಂಡಿನಂತೆ ಓಡಿದರೆ 50 ಕಿ.ಮೀ.ಗೆ ಸರಿಯಾಗಿ 420 ನಿಮಿಷ. ಲೆಕ್ಕ ಚಂದ ಬಂತು, ಅದಕ್ಕೇ 7 ಗಂಟೆ. ಅವರು ನಗಲಿಲ್ಲ, ಅದು ದೊಡ್ಡ ವಿಷಯ. "ರಸ್ತೆಯ 50 ಬೇರೆ, ಗುಡ್ಡದ 50 ಬೇರೆ, ಅಲ್ಲಿ ನೀವು ಅರ್ಧದಷ್ಟು ನಡೆಯುತ್ತೀರಿ" ಅಂದರು. ನಡೆಯುವುದಾ? ನಾನು ಆರು ವರ್ಷದಿಂದ ನಡೆಯುವುದನ್ನು ಅವಮಾನ ಅಂತ ತಿಳಿದವಳು. ಏರಿನಲ್ಲಿ ಕೈಯನ್ನು ತೊಡೆಯ ಮೇಲೆ ಊರಿ ಬಿರುಸಾಗಿ ನಡೆದರೆ ಓಡಿದವರಿಗಿಂತ ಒಂದೆರಡು ನಿಮಿಷ ಮಾತ್ರ ಹಿಂದೆ ಬೀಳುತ್ತೇವೆ, ಆದರೆ ಎದೆಬಡಿತ ಎಷ್ಟೋ ಕೆಳಗಿರುತ್ತದೆ, ಕೊನೆಯ 15 ಕಿ.ಮೀ.ಗೆ ಕಾಲು ಉಳಿಯುತ್ತದೆ ಅಂತ ಅವರ ವಾದ.

ಆಮೇಲೆ ಅವರು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದ ಕತೆ ಹೇಳಿದರು. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ ವಿಕ್ ಕ್ಲಾಫಮ್ ಎಂಬವರು 1921ರಲ್ಲಿ ಶುರು ಮಾಡಿದ್ದು. 90 ಕಿ.ಮೀ. ಹತ್ತಿರ ಹತ್ತಿರ, 12 ಗಂಟೆಯ ಕಟ್‌ಆಫ್. ಅಲ್ಲಿ 11ರಿಂದ 12 ಗಂಟೆಯ ನಡುವೆ ಬಂದು ಮುಟ್ಟುವವರಿಗೆ ಒಂದು ತಾಮ್ರದ ಪದಕ ಕೊಡುತ್ತಾರೆ, ಆ ಪದಕಕ್ಕೇ ಕ್ಲಾಫಮ್ ಅವರ ಹೆಸರು. ಅಂದರೆ ಓಟ ಹುಟ್ಟುಹಾಕಿದವರ ಹೆಸರಿನ ಪದಕ ಕೊನೆಯಲ್ಲಿ ಬರುವವರಿಗೆ. ನನಗೆ ಇದು ಬಹಳ ಹಿಡಿಸಿತು. ಕ್ಲಾಸಿನಲ್ಲಿ ಸಹ ಹೇಳಿದೆ, ಮಕ್ಕಳು ಲಾಸ್ಟ್ ಬೆಂಚಿನವರನ್ನು ನೋಡಿ ನಕ್ಕರು.

ಕೊನೆಗೆ ಮೂರು ಗುರಿ ಬರೆಸಿದರು. ಒಂದು, ಕಟ್‌ಆಫ್ ಒಳಗೆ ಮುಗಿಸಿ ಸೋಮವಾರ ಶಾಲೆಯ ಮೆಟ್ಟಿಲು ನಾನೇ ಹತ್ತಬೇಕು (ನನ್ನ ಒಂಬತ್ತನೇ ಕ್ಲಾಸ್ ಮಾಳಿಗೆಯಲ್ಲಿದೆ, 22 ಮೆಟ್ಟಿಲು, ಇದನ್ನು ಅವರೇ ಕೇಳಿ ತಿಳಿದುಕೊಂಡದ್ದು). ಎರಡು, ಒಂಬತ್ತು ಗಂಟೆಯೂ ಹೊಟ್ಟೆ ಕೆಡದೆ ತಿನ್ನುತ್ತಾ ಇರಬೇಕು. ಮೂರನೆಯದು ಮಾತ್ರ ಸಮಯ, ಅದೂ ಒಂದು ಅಂಕೆ ಅಲ್ಲ, ಎಂಟೂವರೆಯಿಂದ ಒಂಬತ್ತೂವರೆ ಗಂಟೆ. ಒಂದನೆಯದು ಆಗದೆ ಮೂರನೆಯದರ ಬಗ್ಗೆ ಯೋಚಿಸಬಾರದು ಅಂತ ಕರಾರು. ನಾನಾಗಿ ಮಾಡಿದ್ದರೆ ಏಳು ಗಂಟೆಯ ಹಿಂದೆ ಬಿದ್ದು ಆಗಸ್ಟ್‌ನಲ್ಲೇ ಮಂಡಿ ಕಳೆದುಕೊಳ್ಳುತ್ತಿದ್ದೆ. ಮಂಡಿ ಆಗಸ್ಟ್‌ನಲ್ಲಿ ಹೋಯಿತು, ಅದು ಬೇರೆ ಕತೆ, ಬರುತ್ತೇನೆ.

ಪಟ್ಟಿಯಲ್ಲಿ ಏನಿತ್ತು? ವಾರಕ್ಕೆ ನಾಲ್ಕು ದಿನ ಓಟ, ಎರಡು ದಿನ ಕಾಲು-ಸೊಂಟದ ವ್ಯಾಯಾಮ. ಮೊದಲ ವಾರ 32 ಕಿ.ಮೀ., ಅತಿ ಜಾಸ್ತಿ ಅಂದರೆ ಹದಿನಾರನೇ ವಾರ 70. ಮೂರು ನಾಲ್ಕು ವಾರಕ್ಕೊಮ್ಮೆ ಇಳಿಸುವುದು. ಬಹುಪಾಲು ಓಟ ನಿಧಾನ, ಎಷ್ಟು ನಿಧಾನ ಅಂದರೆ ನಾಚಿಕೆ ಆಗುವಷ್ಟು. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು ಅನ್ನುವುದು ಅಳತೆ. ನನ್ನ ಜೊತೆ ಓಡಲು ಯಾರೂ ಇಲ್ಲ, ಒಬ್ಬಳೇ ಮಾತಾಡಿದರೆ ಊರಿನವರು ಇನ್ನೊಂದು ತೀರ್ಮಾನಕ್ಕೆ ಬರುತ್ತಾರೆ. ಹಾಗಾಗಿ ಮಗ್ಗಿ ಹೇಳುತ್ತಿದ್ದೆ. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು. ಒಂದು ಸಾಲಿನ ನಡುವೆ ಉಸಿರು ತುಂಡಾಯಿತೋ, ವೇಗ ಜಾಸ್ತಿ. ಈ ಉಪಾಯ ಕೋಚ್‌ಗೆ ಬಹಳ ಇಷ್ಟವಾಯಿತು.

ಇನ್ನು ಮಳೆ. ಇಲ್ಲಿ ಆ್ಯಪ್‌ನ ಬಂಡವಾಳ ಬಯಲಾಯಿತು.

ಜುಲೈ ತಿಂಗಳ ಬೆಳಿಗ್ಗೆ ಐದೂವರೆಗೆ ನಮ್ಮಲ್ಲಿ ಸೆಕೆ ಇರುವುದಿಲ್ಲ ಅಂತ ಹೊರಗಿನವರು ಎಣಿಸುತ್ತಾರೆ. ಮಳೆ ನಿಂತ ಹತ್ತು ನಿಮಿಷ ಓಡಿ ನೋಡಿ. ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಬೆವರು ಆವಿಯಾಗಲು ಜಾಗ ಇಲ್ಲ, ಸುಮ್ನೆ ಇಳಿದು ಶೂ ಸೇರುತ್ತದೆ. ಬೆವರು ಆವಿಯಾದರೆ ಮಾತ್ರ ಮೈ ತಣ್ಣಗಾಗುವುದು, ತೊಟ್ಟಿಕ್ಕಿದರೆ ಏನೂ ಪ್ರಯೋಜನ ಇಲ್ಲ. ಹಾಗಾಗಿ ಅದೇ ವೇಗಕ್ಕೆ ಎದೆಬಡಿತ ನನ್ನದು ಹತ್ತು ಹದಿನೈದು ಜಾಸ್ತಿ ತೋರಿಸುತ್ತಿತ್ತು. ಎದೆಬಡಿತ ನೋಡಿ ನಿಧಾನ ಮಾಡಿದರೆ ಆ್ಯಪ್ ಕೆಂಪು ಬಣ್ಣದಲ್ಲಿ "ಗುರಿ ತಪ್ಪಿದೆ" ಅನ್ನುತ್ತದೆ. ವೇಗ ಹಿಡಿದರೆ "ಎದೆಬಡಿತ ಮಿತಿ ಮೀರಿದೆ" ಅಂತ ಅದೂ ಕೆಂಪು. ಎರಡೂ ಹಸಿರಾದ ದಿನ ಜುಲೈ ಇಡೀ ಒಂದೂ ಇಲ್ಲ. ನಾನು ದಿನಾ ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿ ಹಾಕುವವಳು, ನನಗೇ ಯಾರಾದರೂ ಹಾಕಿದರೆ ಹೇಗಿರುತ್ತದೆ ಅಂತ ಗೊತ್ತಾಯಿತು. ಕೋಚ್‌ಗೆ ಹೇಳಿದ ಮೇಲೆ ಅವರು ಕಿ.ಮೀ. ಮತ್ತು ವೇಗ ತೆಗೆದು ಎಲ್ಲವನ್ನೂ ನಿಮಿಷಕ್ಕೆ ಬದಲಿಸಿದರು. "8 ಕಿ.ಮೀ." ಬದಲು "60 ನಿಮಿಷ, ಮಗ್ಗಿಯ ವೇಗದಲ್ಲಿ". ಪ್ಲಾನ್ ಸರಿಯಾದದ್ದು ಅವತ್ತು. ಆದರೆ ಇದನ್ನು ನಾನು ಕೇಳಬೇಕಾಯಿತು ಅನ್ನುವುದು ನೆನಪಿರಲಿ. ಕರಾವಳಿಯವರು ಯಾರು ಸೇರಿದರೂ ಮೊದಲ ದಿನವೇ ನಿಮಿಷದ ಲೆಕ್ಕ ಕೇಳಿ.

ಎಲ್ಲಿ ಓಡುತ್ತಿದ್ದೆ ಅಂತಲೂ ಕೇಳುತ್ತಾರೆ. ಹೈವೇ ಕಡೆ ಹೋಗಲೇ ಇಲ್ಲ, 66ರ ಅಗಲೀಕರಣದ ನಂತರ ಅಲ್ಲಿ ಓಡುವುದು ಅಂದರೆ ಜೀವದ ಜೊತೆ ಆಟ. ವಾರದ ದಿನಗಳಲ್ಲಿ ಒಳರಸ್ತೆ. ಶನಿವಾರ ಅನಂತಪುರದ ಪದವು, ಮಳೆಗಾಲದಲ್ಲಿ ಆ ಮುರಕಲ್ಲಿನ ಬಯಲು ಹಸಿರಾಗಿ, ಗುಂಡಿಗಳಲ್ಲಿ ನೀರು ನಿಂತು, ಸಣ್ಣ ಸಣ್ಣ ಹೂವು ತುಂಬಿ, ಸರೋವರ ಕ್ಷೇತ್ರದ ಹತ್ತಿರ ಬರುವಾಗ ಯಾಕೆ ಓಡುತ್ತಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹಾವಸೆ ಹಿಡಿದ ಮುರಕಲ್ಲಿನಷ್ಟು ಜಾರುವ ವಸ್ತು ಇನ್ನೊಂದಿಲ್ಲ. ಎರಡು ಸಲ ಬಿದ್ದೆ. ಏರು ಬೇಕಾದಾಗ ಪೊಸಡಿ ಗುಂಪೆ ಗುಡ್ಡ. ನಾಲ್ಕು ಸಲ ಹತ್ತಿ ಇಳಿದರೆ ಕೋಚ್ ಕೇಳಿದ್ದಕ್ಕಿಂತ ಜಾಸ್ತಿಯೇ ಆಗುತ್ತಿತ್ತು. ಅಲ್ಲಿ ಮೇಲೆ ಗಾಳಿಗೆ ನಿಂತು ಬಾಳೆಹಣ್ಣು ತಿನ್ನುವಾಗ ಮೋಡ ಕಾಲ ಕೆಳಗೆ ಹೋಗುತ್ತಿರುತ್ತದೆ.

ನಾಯಿಗಳ ವಿಷಯ ಪ್ಲಾನ್‌ನಲ್ಲಿ ಎಲ್ಲೂ ಇಲ್ಲ. ಕತ್ತಲಲ್ಲಿ ಹೆಡ್‌ಲ್ಯಾಂಪ್ ಹಾಕಿ ಒಂದು ಉದ್ದ ಓಟ ಮಾಡಬೇಕು ಅಂತ ಇತ್ತು, ಓಟ ಶುರುವಾಗುವುದೇ ಬೆಳಕು ಹರಿಯುವ ಮೊದಲು ಅಂತ. ಒಳ್ಳೆಯ ಸಲಹೆಯೇ. ನಮ್ಮನೆಯವರು ಸ್ಕೂಟರಿನಲ್ಲಿ ಹಿಂದಿನಿಂದ ಬಂದರು, ಕೈಯಲ್ಲಿ ಒಂದು ಬೆತ್ತ. ಎರಡೂವರೆ ಗಂಟೆ ಸ್ಕೂಟರನ್ನು ನನ್ನ ವೇಗದಲ್ಲಿ ಬಿಡುವುದು ಓಡುವುದಕ್ಕಿಂತ ಕಷ್ಟ ಅಂತ ಅವರ ದೂರು ಇನ್ನೂ ನಿಂತಿಲ್ಲ. ಮೀನಿನ ಸ್ಕೂಟರಿನವನು, ಹಾಲಿನ ಸೊಸೈಟಿಗೆ ಹೋಗುವವರು, ಮದ್ರಸಕ್ಕೆ ಹೊರಟ ಮಕ್ಕಳು, ಎಲ್ಲರೂ ನನ್ನನ್ನು ಬಿಟ್ಟು ಅವರನ್ನೇ ಕನಿಕರದಿಂದ ನೋಡಿದರು.

ಈಗ ಮಂಡಿಯ ಕತೆ. ಎಂಟನೇ ವಾರ, ಶನಿವಾರ ರೆಡ್ ಅಲರ್ಟ್. ಕಲೆಕ್ಟರ್ ರಜೆ ಕೊಟ್ಟಿದ್ದಾರೆ, ತೋಡು ಸಂಕದ ಮೇಲೆ ಹರಿಯುತ್ತಿದೆ. ಓಡಲಿಲ್ಲ. ವಾರಕ್ಕೆ 48 ಇದ್ದದ್ದರಲ್ಲಿ 16 ಬಾಕಿ, ಓಡಿದ್ದು 32. ಸೋಮವಾರ ಆ್ಯಪ್ ತೆರೆದರೆ ಆ 16ನ್ನು ಅದು ತನ್ನಷ್ಟಕ್ಕೇ ಮುಂದಿನ ವಾರದ 50ಕ್ಕೆ ಸೇರಿಸಿ 66 ಮಾಡಿಟ್ಟಿದೆ. 32ರಿಂದ 66! ವಾರಕ್ಕೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಏರಿಸಬಾರದು ಅಂತ ಓಟಗಾರರಲ್ಲಿ ಒಂದು ಮಾತಿದೆ. ಅದು ವಿಜ್ಞಾನಕ್ಕಿಂತ ಹೆಚ್ಚಾಗಿ ಹಿರಿಯರ ಮಾತು, ಹತ್ತು ಹನ್ನೆರಡಾದರೆ ಆಕಾಶ ಬೀಳುವುದಿಲ್ಲ. ಆದರೆ ಎರಡು ಪಟ್ಟು? ಐದನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ತಪ್ಪು. ಲೆಕ್ಕದ ಟೀಚರ್ ಆದ ನಾನು ಅದನ್ನು ನೋಡಿ, ಕೋಚ್ ಹಾಕಿದ್ದಲ್ವಾ ಅಂತ ತಲೆಬಾಗಿ ಓಡಿದೆ. ಕೋಚ್ ಹಾಕಿರಲಿಲ್ಲ, ಅವರು ಆ ವಾರ ನೋಡಿಯೇ ಇರಲಿಲ್ಲ.

ಭಾನುವಾರ ಗುಂಪೆ ಇಳಿಯುವಾಗ ಎಡ ಮಂಡಿಯ ಹೊರಬದಿಯಲ್ಲಿ ಸೂಜಿ ಚುಚ್ಚಿದಂತೆ. ಏರುವಾಗ ಇಲ್ಲ, ಇಳಿಯುವಾಗ ಮಾತ್ರ. ಹತ್ತು ದಿನ ಓಟ ಬಂದ್. ಓಣಂ ರಜೆಯಲ್ಲಿ ಎರಡೆರಡು ಉದ್ದ ಓಟ ಮಾಡುವ ಅಂತ ಕಾದಿದ್ದೆ, ಆ ರಜೆ ಐಸ್ ಪ್ಯಾಕ್ ಇಟ್ಟುಕೊಂಡು ಮಲಗುವುದರಲ್ಲಿ ಹೋಯಿತು. ಪಾಯಸ ಮಾತ್ರ ಬಿಡಲಿಲ್ಲ. ಪೇಟೆಯ ಒಬ್ಬರು ಫಿಸಿಯೋ ನೋಡಿ, ಸೊಂಟದ ಬದಿಯ ಸ್ನಾಯುಗಳಲ್ಲಿ ಬಲ ಇಲ್ಲ, ಅದರ ಭಾರ ಮಂಡಿಯ ಹೊರಬದಿಯ ಪಟ್ಟಿಗೆ ಬೀಳುತ್ತಿದೆ ಅಂದರು. ಒಂದು ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ನಿಧಾನ ಕೆಳಗಿಳಿಸುವ ವ್ಯಾಯಾಮ, ದಿನಕ್ಕೆ ಮೂರು ಸಲ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹೊರಬೇಕು, ಅದಕ್ಕೇ ಇಳಿಜಾರು ಏರಿಗಿಂತ ಜಾಸ್ತಿ ಜಖಂ ಮಾಡುತ್ತದೆ ಅಂತ ಅವರು ವಿವರಿಸಿದರು. ಆ್ಯಪ್‌ನ ವ್ಯಾಯಾಮದ ಪಟ್ಟಿಯಲ್ಲಿ ಇದು ಇರಲೇ ಇಲ್ಲ. ಫಿಸಿಯೋ ತೆಗೆದುಕೊಂಡದ್ದು 400 ರೂಪಾಯಿ.

ಕಂಪೆನಿಗೆ ಬರೆದೆ. ಬಿಟ್ಟುಹೋದ ಓಟವನ್ನು ಮುಂದಕ್ಕೆ ತಳ್ಳುವುದು ಆ್ಯಪ್‌ನ ಸೆಟ್ಟಿಂಗ್, ನೀವೇ ಆಫ್ ಮಾಡಬಹುದಿತ್ತು ಅಂತ ಉತ್ತರ. ಸೆಟ್ಟಿಂಗ್ ಇದೆ ಅಂತ ಯಾರೂ ಹೇಳಿರಲಿಲ್ಲ. ಒಂದು ನಕ್ಷತ್ರ ಇಲ್ಲೇ ಹೋಯಿತು.

ಊಟದ ವಿಷಯಕ್ಕೆ ಬರೋಣ, ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಉದ್ದ ಓಟದಲ್ಲಿ ಗಂಟೆಗೆ 60 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು, ಹೊಟ್ಟೆಯನ್ನೂ ಕಾಲಿನ ಹಾಗೆ ಪಳಗಿಸಬೇಕು ಅಂತ ಕೋಚ್ ಹೇಳಿದರು. ಅದಕ್ಕೆ ಜೆಲ್, ಅಂದರೆ ಓಡುತ್ತಾ ನುಂಗುವ ಸಿಹಿ ಪಾಕದ ಪೊಟ್ಟಣ, ತರಿಸಿ ಅಂದರು. ಒಂದು ಜೆಲ್ಲಿಗೆ ನೂರು ರೂಪಾಯಿಗೂ ಮೇಲೆ, ನಮ್ಮೂರಿಗೆ ಕೊರಿಯರ್ ಬರಲು ಆರು ದಿನ, ರುಚಿ ಕೆಮ್ಮಿನ ಔಷಧಿಯದ್ದು. ಮೂರನೆಯದಕ್ಕೆ ಹೊಟ್ಟೆ ತೊಳಸಿತು.

ಒಂದು ದಿನ ಅಮ್ಮ ಪುಂಡಿ ಬೇಯಿಸುತ್ತಿದ್ದರು. ಅಕ್ಕಿ ತರಿಯ ಉಂಡೆ, ಉಪ್ಪು ಇದೆ, ಒದ್ದೆ ಇದೆ, ನುಂಗಲು ಸುಲಭ, ಕಿಸೆಯಲ್ಲಿಟ್ಟರೆ ಪುಡಿಯಾಗುವುದಿಲ್ಲ. ಇನ್ನೇನು ಬೇಕು? ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬ್. 200 ಗ್ರಾಂ ಅಕ್ಕಿಗೆ ಸಣ್ಣ ಸಣ್ಣ 16 ಪುಂಡಿ ಮಾಡಿಸಿದೆ, ಒಂದರಲ್ಲಿ ಹತ್ತಿರ ಹತ್ತಿರ 10 ಗ್ರಾಂ. ಗಂಟೆಗೆ ಎರಡು ಪುಂಡಿ, ಒಂದು ಬಾಳೆಹಣ್ಣು, ಎರಡು ತುಂಡು ಬೆಲ್ಲ, 60ರ ಹತ್ತಿರ ಬಂತು. ತೆಂಗಿನಕಾಯಿ ಕಮ್ಮಿ ಹಾಕಲು ಹೇಳಿದೆ, ಎಣ್ಣೆ ಅಂಶ ಜಾಸ್ತಿಯಾದರೆ ಓಡುವಾಗ ಜೀರ್ಣ ಆಗುವುದಿಲ್ಲ. "ಕಾಯಿ ಹಾಕದೆ ಅದೆಂಥ ಪುಂಡಿ" ಅಂತ ಅಮ್ಮನ ತಕರಾರು. ಕೋಚ್‌ಗೆ ಫೋಟೊ ಕಳಿಸಿದೆ. ಅವರು ಇದೇನು ಇಡ್ಲಿಯಾ ಅಂತ ಕೇಳಿ, ಲೆಕ್ಕ ನೋಡಿ, ಜೆಲ್ ಬಿಡಿ ಅಂದರು. ತಮ್ಮ ಪಟ್ಟಿಯೇ ಸರಿ ಅಂತ ಹಠ ಹಿಡಿಯಲಿಲ್ಲ, ಇದಕ್ಕೆ ಪೂರ್ತಿ ಅಂಕ.

ನೀರಿನ ಪರೀಕ್ಷೆಯೂ ಹಾಗೇ ಒಳ್ಳೆಯದಿತ್ತು. ಓಡುವ ಮೊದಲು ತೂಕ, ಓಡಿದ ಮೇಲೆ ಮೈ ಒರೆಸಿ ತೂಕ. ನನ್ನದು 54.6 ಇದ್ದದ್ದು ಒಂದೂವರೆ ಗಂಟೆಯಲ್ಲಿ 53.2 ಆಯಿತು, ನಡುವೆ ಕುಡಿದದ್ದು 400 ಮಿ.ಲೀ. ಅಂದರೆ ಬೆವರಿದ್ದು 1.8 ಲೀಟರ್, ಗಂಟೆಗೆ 1.2. ಅಷ್ಟನ್ನೂ ಬರೀ ನೀರಿನಿಂದ ತುಂಬಿಸಲು ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. ಉದ್ದ ಓಟಗಳಲ್ಲಿ ಕಮ್ಮಿ ಕುಡಿದವರು ಮಾತ್ರ ಅಲ್ಲ, ಜಾಸ್ತಿ ಕುಡಿದವರೂ ಆಸ್ಪತ್ರೆ ಸೇರುವುದುಂಟು ಅಂತ ಕೋಚ್ ಎಚ್ಚರಿಸಿದ್ದರು. ಹಾಗಾಗಿ ಒಂದು ಬಾಟಲಿ ನೀರು, ಒಂದು ಬಾಟಲಿ ಉಪ್ಪು ಹಾಕಿದ ಗಂಜಿ ತೆಳಿ. ತೆಳಿ ಸಿಗದ ಕಡೆಗೆ ಮೆಡಿಕಲ್‌ನ ಓಆರ್‌ಎಸ್ ಪುಡಿ, ಡಬ್ಲ್ಯುಎಚ್‌ಒ ಸೂತ್ರದ್ದು, ಒಂದು ಪ್ಯಾಕೆಟಿಗೆ ಒಂದು ಲೀಟರ್ ನೀರು. ಬಣ್ಣದ ಸಿಹಿ ಡಬ್ಬಿ ಪಾನೀಯಗಳು ಬೇಡ.

ಒಂದು ತಪ್ಪು ಮಾತ್ರ ನನ್ನದೇ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿದು, ಮೆಂತೆ ಗಂಜಿ ಆಮೇಲೆ ಉಣ್ಣುವ ಅಂತ ಬಿಟ್ಟು, ನೇರ ಓಡಲು ಹೋದೆ. ಮುಂದಿನದ್ದು ಬರೆಯುವುದಿಲ್ಲ. ಕೋಚ್‌ಗೆ ಕಷಾಯ ಅಂದರೆ ಏನು ಅಂತ ವಿವರಿಸಲು ಎರಡು ವಾಯ್ಸ್ ಮೆಸೇಜ್ ಬೇಕಾಯಿತು.

ಹನ್ನೊಂದನೇ ವಾರ ಕೋಚ್ ಬದಲು. ಹೇಳಲೂ ಇಲ್ಲ ಕೇಳಲೂ ಇಲ್ಲ, ಆ್ಯಪ್‌ನಲ್ಲಿ ಫೋಟೊ ಬೇರೆಯಾಯಿತು, ಅಷ್ಟೇ. ಹಳೆಯ ಟಿಪ್ಪಣಿಗಳು ಹೊಸಬರ ಕೈಗೆ ಹೋಗಿರಲಿಲ್ಲ. ನಿಮಿಷದ ಲೆಕ್ಕ ಮತ್ತೆ ಕಿ.ಮೀ.ಗೆ ಬಂತು, ಜೆಲ್ ಮತ್ತೆ ಬಂತು. ಏನು ಕಳಿಸಿದರೂ "ಸೂಪರ್, ಕೀಪ್ ಇಟ್ ಅಪ್". ಒಂದು ದಿನ ಬೇಕಂತಲೇ "ಇವತ್ತು ಓಡಲಿಲ್ಲ, ಜ್ವರ" ಅಂತ ಬರೆದೆ. ಅದಕ್ಕೂ "ಸೂಪರ್". ನನ್ನ ಸಹೋದ್ಯೋಗಿಯೊಬ್ಬರು ಮಕ್ಕಳ ಪುಸ್ತಕ ನೋಡದೆ ಸರಿ ಚಿಹ್ನೆ ಹಾಕುತ್ತಾರೆ, ಥೇಟ್ ಅದೇ.

ಆದರೂ ಒಂದು ವಿಷಯಕ್ಕೆ ಈ ಎರಡನೇ ಕೋಚ್‌ಗೆ ನಾನು ಋಣಿ. ಅವರು ಹೆಂಗಸು. ತಿಂಗಳ ಮುಟ್ಟಿನ ದಿನಾಂಕ ತಾವಾಗಿಯೇ ಕೇಳಿದರು, ಓಟದ ದಿನ ಅದು ಬೀಳುತ್ತದೆಯೇ ಅಂತ ಲೆಕ್ಕ ಹಾಕಿಸಿದರು, ಅತಿ ಕಷ್ಟದ ವಾರವನ್ನು ಒಂದು ವಾರ ಆಚೆ ಸರಿಸಿದರು. ಜಾಸ್ತಿ ಓಡಿ ಕಮ್ಮಿ ತಿಂದರೆ ಮುಟ್ಟು ತಪ್ಪುತ್ತದೆ, ಮೂಳೆ ಸಹ ಸೋಲುತ್ತದೆ, ತೂಕ ಇಳಿಯುತ್ತಿದೆ ಅಂತ ಖುಷಿಪಡಬೇಡಿ ಅಂದರು. ಮೊದಲಿನವರು ಅಷ್ಟು ಒಳ್ಳೆಯವರಾದರೂ ಈ ಮಾತು ಬಂದಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸೇರುವಾಗ ತುಂಬಿಸುವ ಫಾರ್ಮಿನಲ್ಲಿ ಶೂ ಯಾವ ಕಂಪೆನಿಯದ್ದು ಅಂತ ಕೇಳಿದ್ದಾರೆ, ಇದನ್ನು ಕೇಳಿಲ್ಲ.

ಅಕ್ಟೋಬರ್‌ನಲ್ಲಿ ಶನಿವಾರ-ಭಾನುವಾರದ ಜೋಡಿ ಓಟ. ಶನಿವಾರ 28, ಭಾನುವಾರ 18. ಒಂದೇ ದಿನ 46 ಓಡಿದರೆ ಮೈ ಮುರಿದು ಹದಿನೈದು ದಿನ ಹೋಗುತ್ತದೆ. ಹೀಗೆ ಮಾಡಿದರೆ ದಣಿದ ಕಾಲಲ್ಲಿ ಓಡುವುದು ಹೇಗೆ ಅಂತ ಕಲಿತ ಹಾಗೂ ಆಯಿತು, ಕೆಲಸಕ್ಕೆ ಹೋದ ಹಾಗೂ ಆಯಿತು. ಒಂದು ಭಾನುವಾರ ಮದುವೆ, ಇನ್ನೊಂದು ಶನಿವಾರ ಶಾಲೆ ಇತ್ತು, ಮಧ್ಯಾಹ್ನ ಮೇಲೆ ಗುಡುಗು ಸಿಡಿಲು. ಮೂರು ಜೋಡಿ ಹೇಳಿದ್ದರಲ್ಲಿ ಎರಡು ಮಾಡಿದೆ. ಮಾಡದೆ ಬಿಟ್ಟದ್ದನ್ನು ಆ್ಯಪ್ ಮುಂದಕ್ಕೆ ತಳ್ಳಲಿಲ್ಲ, ಸೆಟ್ಟಿಂಗ್ ಆಫ್ ಇತ್ತು. ಕೊನೆಯ ಮೂರು ವಾರ ಓಟ ಇಳಿಸುವುದು. ಆಗ ಕಾಲಿಗೆ ಇಲ್ಲದ ನೋವೆಲ್ಲ ಬಂದ ಹಾಗೆ ಆಗುತ್ತದೆ, ಅದು ಎಲ್ಲರಿಗೂ ಆಗುವುದಂತೆ.

ಓಟ 9 ಗಂಟೆ 12 ನಿಮಿಷಕ್ಕೆ ಮುಗಿಯಿತು. ಏರು ಬಂದಲ್ಲೆಲ್ಲ ನಡೆದೆ, ಮೊದಲ ಏರಿನಲ್ಲಿ ನನ್ನನ್ನು ಹಿಂದೆ ಹಾಕಿ ಓಡಿದ ಹುಡುಗರಲ್ಲಿ ಐದಾರು ಮಂದಿ 35ನೇ ಕಿ.ಮೀ. ದಾಟಿದ ಮೇಲೆ ಬದಿಯಲ್ಲಿ ಕೂತು ತೊಡೆ ತಿಕ್ಕುತ್ತಿದ್ದರು. ಮೇಲೆ ಚಳಿ ಇತ್ತು, ನಮ್ಮ ಸೆಕೆಯಲ್ಲಿ ಪಳಗಿದ ಮೈಗೆ ಅದು ಹಬ್ಬ. 38ರಲ್ಲಿ ಒಂದು ಅರ್ಧ ಗಂಟೆ ಬಹಳ ಕೆಟ್ಟದಿತ್ತು, ಅಳು ಸಹ ಬಂತು. ಹದಿನೇಳರ ಮಗ್ಗಿ ಹದಿನೇಳಾರ್ಲಕ್ಕೆ ನಿಂತುಹೋಯಿತು, ಎಷ್ಟು ಅಂತ ನೆನಪೇ ಬರಲಿಲ್ಲ. ಎರಡು ಪುಂಡಿ ತಿಂದ ಮೇಲೆ ಬಂತು, ನೂರಾ ಎರಡು. ಜೊತೆಯಲ್ಲಿದ್ದ ಒಬ್ಬರಿಗೂ ಒಂದು ಕೊಟ್ಟೆ. ಒಟ್ಟು 14 ಪುಂಡಿ ತಿಂದಿದ್ದೇನೆ, ಹೊಟ್ಟೆ ಕೆಡಲಿಲ್ಲ. ಎರಡು ಉಗುರು ಕಪ್ಪಾಗಿದೆ, ಶೂ ಅರ್ಧ ಸೈಜ್ ದೊಡ್ಡದು ತೆಗೆದುಕೊಳ್ಳಬೇಕಿತ್ತು.

ಸೋಮವಾರ 22 ಮೆಟ್ಟಿಲು ಹತ್ತಿದೆ, ಬದಿಯ ಕಂಬಿ ಹಿಡಿದು. ಇಳಿಯುವಾಗ ಹಿಂದುಮುಖವಾಗಿ ಇಳಿದೆ, ಅದು ಗುರಿಯಲ್ಲಿ ಇರಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ, "ಟೀಚರೇ, ಬಸ್ಸು ಸಿಕ್ಕಿತಾ?"

ಈಗ ದುಡ್ಡಿನ ಮಾತು. ಮೊದಲ ಅಲ್ಟ್ರಾಕ್ಕೆ ಕೋಚ್ ಬೇಕೇ ಅಂದರೆ, ಗುರಿ ಕೂರಿಸುವುದಕ್ಕೆ ಮತ್ತು ನಿಮ್ಮನ್ನು ನಿಧಾನ ಮಾಡುವುದಕ್ಕೆ ಒಬ್ಬರು ಬೇಕು. ಅದಕ್ಕೆ ಎರಡು ತಿಂಗಳು ಸಾಕು, 5,600 ರೂಪಾಯಿ. ಪಟ್ಟಿ ಹೇಗೆ ಕಟ್ಟುತ್ತಾರೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ, ಉಳಿದ ಮೂರು ತಿಂಗಳು ಒಂದು ಹಳೇ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಬಹುದು. ಉಳಿದ ದುಡ್ಡಲ್ಲಿ ಒಳ್ಳೆಯ ಶೂ, ಬೇಕಿದ್ದರೆ ಶುರುವಿನಲ್ಲೇ ಒಬ್ಬ ಫಿಸಿಯೋ ಹತ್ತಿರ ಒಂದು ಸಲ ಸೊಂಟ-ಮಂಡಿ ತೋರಿಸಿಕೊಳ್ಳಿ. ಸೇರುವ ಮೊದಲು ಎರಡು ಪ್ರಶ್ನೆ ಕೇಳಿ: ಇಪ್ಪತ್ತು ವಾರವೂ ಇದೇ ಕೋಚ್ ಇರುತ್ತಾರಾ, ಬಿಟ್ಟುಹೋದ ಓಟ ಏನಾಗುತ್ತದೆ. ಎರಡಕ್ಕೂ ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.

ಇನ್ನೊಂದು. ಐದು ತಿಂಗಳು ಮುಗಿದ ಮೇಲೂ ಆರನೇ ತಿಂಗಳ 2,800 ಅಕೌಂಟಿನಿಂದ ಹೋಯಿತು. ಮೂರು ಮೇಲ್, ಹನ್ನೆರಡು ದಿನ ಆದ ಮೇಲೆ ವಾಪಸ್ ಬಂತು. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಜಾಗ ಇದೆ, ಓಟದ ಹಿಂದಿನ ವಾರವೇ ಅಲ್ಲಿ ಹೋಗಿ ರದ್ದು ಮಾಡಿ. ಓಟ ಮುಗಿದ ವಾರ ಯಾರಿಗೂ ಅದು ನೆನಪಾಗುವುದಿಲ್ಲ.